ಲಾಡ್ಜ್‌ಗಳ ಕಥೆ ಬೇರೆ

ಕೊರೊನಾ ಕಾಲದಲ್ಲಿ ಪಾರ್ಸೆಲ್‌ನಿಂದ ಹೋಟೆಲ್‌ಗಳು ಉಳಿದುಕೊಂಡವು ಅಂತ ಒಂದು ಲೇಖನದಲ್ಲಿ ಓದಿದೆ. ತಿಂಡಿ ಹೋಟೆಲ್‌ಗೆ ಆ ಮಾತು ಸರಿ. ಲಾಡ್ಜ್‌ಗಳು ಏನನ್ನು ಪಾರ್ಸೆಲ್ ಕೊಡಬೇಕು? ಇವತ್ತು ಖಾಲಿ ಬಿದ್ದ ರೂಮಿನ ಬಾಡಿಗೆ ನಾಳೆ ಸಿಗುವುದಿಲ್ಲ ಅಲ್ವಾ.

ಮೈಸೂರಿನಲ್ಲಿ ನಮ್ಮದು 14 ರೂಮಿನ ಲಾಡ್ಜ್. ನಮ್ಮ ದುಡಿಮೆ ಜಾಸ್ತಿ ಆಗುವುದೇ ಬೇಸಿಗೆ ರಜೆ, ದಸರಾದಲ್ಲಿ. 2020ರಲ್ಲಿ ಎರಡೂ ಹೋದವು. ಮಾರ್ಚ್ ಕೊನೆಗೆ ಲಾಕ್‌ಡೌನ್. ಅಕ್ಟೋಬರ್‌ನಲ್ಲಿ ಜಂಬೂಸವಾರಿ ಅರಮನೆ ಆವರಣದೊಳಗೇ ಮುಗಿಯಿತು. ಕೌಂಟರ್ ಹಿಂದಿನ ಹಲಗೆಯಲ್ಲಿ 14 ಬೀಗದ ಕೈಗಳೂ ನೇತಾಡುತ್ತಿದ್ದವು. ಆದರೂ ದಿನಾ ನಲ್ಲಿ ಬಿಟ್ಟು, ಫ್ಯಾನ್ ಹಾಕಿ, ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದೆವು. ಇಲ್ಲದಿದ್ದರೆ ಮುಗ್ಗಲು ವಾಸನೆ. ಬ್ಯಾಂಕಿನವರು ಆಗಸ್ಟ್‌ವರೆಗೆ ಕಂತು ಮುಂದೂಡಿದರು, ಬಡ್ಡಿ ನಿಲ್ಲಲಿಲ್ಲ.

ಊರಿಗೆ ಹೋದ ಇಬ್ಬರು ರೂಮ್ ಬಾಯ್‌ಗಳು ತಿರುಗಿ ಬರಲೇ ಇಲ್ಲ. ಅವರಲ್ಲಿ ಒಬ್ಬ ಹನ್ನೆರಡು ವರ್ಷ ನಮ್ಮ ಜೊತೆಗಿದ್ದ.