ಕಣ್ಣು ಬಿಟ್ಟುಕೊಂಡು ಮಾಡಿದ ಟೆಸ್ಟು

ಎದುರು ಮನೆಯ ಅಕ್ಕ ಮೊನ್ನೆ ಗಾಬರಿಯಿಂದ ಬಂದರು. "ನೋಡಪ್ಪಾ, ಫೋನು ತಾನಾಗೇ ಮಾತಾಡ್ತಿದೆ, ಏನು ಮುಟ್ಟಿದ್ರೂ ಓಪನ್ ಆಗ್ತಿಲ್ಲ. ವೈರಸ್ ಅಂತೆ, ರೀಸೆಟ್ ಮಾಡ್ಬೇಕು ಅಂದ್ರು ಅಂಗಡಿಯೋರು." ವಾಲ್ಯೂಮ್‌ನ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದೆ. ಮಾತು ನಿಂತಿತು. ಅದು ವೈರಸ್ ಅಲ್ಲ, ಟಾಕ್‌ಬ್ಯಾಕ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್. ನನಗೆ ಕಣ್ಣು ಕಾಣುವುದಿಲ್ಲ. ನನ್ನ ಫೋನಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓಡುವುದು ಅದೇ.

ಕಣ್ಣಿರುವ ಹೆಚ್ಚಿನವರಿಗೆ ಸ್ಕ್ರೀನ್ ರೀಡರ್ ಪರಿಚಯ ಆಗುವುದು ಹೀಗೆ, ಕೈತಪ್ಪಿ. ಬೇಕು ಅಂತಲೇ ಬಳಸಿ ನೋಡುವವರೂ ಇದ್ದಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ಅವರ ಬಗ್ಗೆ.

ನನ್ನ ತಂಗಿಯ ಮಗ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದಾನೆ. "ಮಾಮ, ಎನ್‌ವಿಡಿಎ ಹಾಕಿ ಟೆಸ್ಟ್ ಮಾಡಿದೆ, ಎಲ್ಲ ಓದುತ್ತೆ" ಅಂತ ಲಿಂಕ್ ಕಳಿಸಿದ. ಎನ್‌ವಿಡಿಎ ಅಂದರೆ ಕಂಪ್ಯೂಟರಿನ ಸ್ಕ್ರೀನ್ ರೀಡರ್. ತೆರೆದೆ. "ಬಟನ್, ಬಟನ್, ಬಟನ್" ಅಂತ ಓದಿತು. ಯಾವುದು ಹುಡುಕಲು, ಯಾವುದು ಹಣ ಕಟ್ಟಲು, ತಿಳಿಯಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ಆದರೆ ಮಾನಿಟರ್ ನೋಡುತ್ತಾ, ಕೈಯಲ್ಲಿ ಮೌಸ್ ಹಿಡಿದು ಟೆಸ್ಟ್ ಮಾಡಿದ್ದ. ಕಿವಿಗೆ "ಬಟನ್" ಅಂತ ಕೇಳಿಸಿದಾಗ ಅದರ ಮೇಲಿನ ಚಿತ್ರವನ್ನು ಕಣ್ಣು ನೋಡಿಯಾಗಿತ್ತು. ಎರಡನ್ನೂ ಅವನ ತಲೆ ಸೇರಿಸಿಕೊಂಡಿತು. ನನಗೆ ಸಿಕ್ಕಿದ್ದು ಬರೀ ಬಟನ್.

ಮಾನಿಟರ್ ಆರಿಸಿ, ಮೌಸ್ ಪಕ್ಕಕ್ಕಿಟ್ಟು ಮತ್ತೆ ನೋಡು ಅಂದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ದಿನಾ ಇದನ್ನ ಹೇಗೆ ಸಹಿಸ್ಕೊಳ್ತೀರಿ ಮಾಮ? ನನಗೆ ಅಳುವೇ ಬಂತು."

ಅವನ ಮನಸ್ಸು ಒಳ್ಳೆಯದು. ಆದರೆ ಈ ಮರುಕವೂ ತಪ್ಪೇ. ಅವನು ಅನುಭವಿಸಿದ್ದು ಕುರುಡುತನವಲ್ಲ, ಕಲಿಯದ ಕೆಲಸದ ಮೊದಲ ದಿನ. ಟ್ಯಾಬ್ ಒತ್ತುತ್ತಾ ಒಂದೊಂದೇ ಹೆಜ್ಜೆ ಹೋಗಿದ್ದ. ನಾನು ಹಾಗೆ ಓದುವುದಿಲ್ಲ. ನೀವು ಪೇಪರನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತೀರಾ? ಇಲ್ಲ ಅಲ್ವಾ? ನಾನೂ ಎಚ್ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತೇನೆ, ಕೆ ಒತ್ತಿ ಲಿಂಕಿನಿಂದ ಲಿಂಕಿಗೆ. ಆದರೆ ಪುಟ ಮಾಡಿದವರು ಅದನ್ನು ಶೀರ್ಷಿಕೆ ಅಂತ ಗುರುತಿಸಿರಬೇಕು. ಅಕ್ಷರ ದೊಡ್ಡದು ಮಾಡಿ ಬಿಟ್ಟರೆ ನಿಮ್ಮ ಕಣ್ಣಿಗೆ ಅದು ಶೀರ್ಷಿಕೆ, ಎನ್‌ವಿಡಿಎಗೆ ಇನ್ನೊಂದು ಸಾಲು, ಅಷ್ಟೇ.

ದನಿಯ ಬಗ್ಗೆಯೂ ಜನ ಕೇಳುತ್ತಾರೆ. "ಇಷ್ಟು ಗೊಗ್ಗರು ದನಿ ಯಾಕೆ? ಮನುಷ್ಯರ ಹಾಗೆ ಮಾತಾಡೋ ದನಿ ಹಾಕ್ಕೊಳ್ಳಬಾರದಾ?" ನಾನು ಕೇಳುವ ಇ-ಸ್ಪೀಕ್ ಅನ್ನುವ ಈ ಯಂತ್ರದ ದನಿ ಇಂಪಾಗಿಲ್ಲ, ನಿಜ. ಆದರೆ ವೇಗ ಎಷ್ಟು ಹೆಚ್ಚಿಸಿದರೂ ಅಕ್ಷರಗಳು ಕಲಸಿಹೋಗುವುದಿಲ್ಲ. ನನ್ನ ವೇಗದಲ್ಲಿ ಕೇಳಿದವರು ಯಾವ ಭಾಷೆ ಇದು ಅಂತಾರೆ. ವರ್ಷಗಟ್ಟಲೆ ಕೇಳಿ ಪಳಗಿದ ಕಿವಿ ಇದು.

ಇನ್ನೊಂದು ವಿಷಯ. ಎನ್‌ವಿಡಿಎಯನ್ನು 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್. ಅವರಿಗೂ ಕಣ್ಣು ಕಾಣುವುದಿಲ್ಲ. ಆಗ ಒಳ್ಳೆಯ ಸ್ಕ್ರೀನ್ ರೀಡರ್‌ಗಳ ಬೆಲೆ ಕೈಗೆಟುಕುತ್ತಿರಲಿಲ್ಲ. ಇದು ಇವತ್ತಿಗೂ ಉಚಿತ. ಕಣ್ಣಿದ್ದವರು ಕರುಣೆಯಿಂದ ಮಾಡಿಕೊಟ್ಟಿದ್ದು ಅಂದುಕೊಂಡವರು ದಯವಿಟ್ಟು ಇದನ್ನು ನೆನಪಿಡಿ.

ಆಫೀಸಿನಲ್ಲಿ ನಾನು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿರುತ್ತೇನೆ. ಹಾಡು ಕೇಳುತ್ತಾ ಕೂತಿದ್ದಾರೆ ಅಂತ ಒಬ್ಬರು ದೂರು ಕೊಟ್ಟಿದ್ದರು. ಬೇಸರವಾಯಿತು. ಇನ್ನೂ ಕಷ್ಟವಾಗುವುದು ಸಹಾಯ ಮಾಡಲು ಬಂದವರು ಕೇಳದೆ ಮೌಸ್ ಹಿಡಿದಾಗ. ಅವರು ಕ್ಲಿಕ್ ಮಾಡಿದ ಕಡೆಗೆ ಫೋಕಸ್ ಹೋಗುತ್ತದೆ, ನಾನು ಇದ್ದ ಜಾಗ ತಪ್ಪುತ್ತದೆ. ಎಲ್ಲಿದ್ದೆ ಅಂತ ಮತ್ತೆ ಹುಡುಕಬೇಕು. ಬಾಯಲ್ಲಿ ಹೇಳಿ ಸಾಕು.

ಇಲ್ಲಿ ಬರೆಯುವ ಗೆಳೆಯರಲ್ಲಿ ಒಂದು ವಿನಂತಿ. ಹೂವಿನ ಚಿತ್ರದ ಮೇಲೆ ಕವಿತೆ ಬರೆದು ಹಾಕುತ್ತೀರಿ. ಕೆಳಗೆ ನೂರು ಜನ "ಅದ್ಭುತ" ಅಂದಿರುತ್ತಾರೆ. ಆ ನೂರು "ಅದ್ಭುತ"ವೂ ನನಗೆ ಕೇಳಿಸುತ್ತವೆ, ಕವಿತೆ ಕೇಳಿಸುವುದಿಲ್ಲ. ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ. ಚಿತ್ರ ಬೇಡ ಅನ್ನುತ್ತಿಲ್ಲ. ಸಾಲುಗಳನ್ನು ಕೆಳಗೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಪಿಡಿಎಫ್ ಕಳಿಸುವವರು ಹಳೆಯ ನುಡಿ, ಬರಹ ಫಾಂಟ್ ಬಿಡಿ. ನಿಮಗೆ ಕನ್ನಡವಾಗಿ ಕಾಣುವ ಅಕ್ಷರದ ಒಳಗೆ ಬೇರೆಯೇ ಸಂಕೇತ ಇರುತ್ತದೆ, ನನ್ನ ಕಿವಿಗೆ ಅರ್ಥವಿಲ್ಲದ ಸದ್ದು ಬೀಳುತ್ತದೆ. ನಿಮ್ಮ ಕವಿತೆ ಇಷ್ಟವಾಯಿತೋ ಇಲ್ಲವೋ ಅಂತ ನಾನೂ ಹೇಳಬೇಕು.