ನಲ್ಲಿ ಸರ್ಕಾರದ್ದು, ಕರೆಂಟ್ ಬಿಲ್ ಯಾರದ್ದು?

ಕೇರಳದ ಕಲ್ಲಿಕೋಟೆ ಕಡೆಯ ಹಳ್ಳಿಯಲ್ಲಿ ಮನೆ ಮಾಡಿದ ಹೊಸದರಲ್ಲಿ ಪಕ್ಕದ ಮನೆ ಚೇಚಿ (ಅಕ್ಕ) ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದರು. ನೀರಿನ ದುಡ್ಡು ಬೇಕಂತೆ. ಪಂಚಾಯ್ತಿಯವರಾ ಅಂದೆ. ಅಲ್ಲ, ನೀರು ಬಳಸುವವರದ್ದೇ ಸಮಿತಿ, ಅದಕ್ಕೆ ಅವರು ಖಜಾಂಚಿ!

ಇದು ಕೇರಳದ ಹಳ್ಳಿಗಳ ಕುಡಿಯುವ ನೀರಿನ ಯೋಜನೆಯಾದ ಜಲನಿಧಿಯ ಪದ್ಧತಿ. ಕಟ್ಟುವ ಖರ್ಚಲ್ಲಿ ಒಂದು ಪಾಲು ಬಳಸುವವರದ್ದು. ಆಮೇಲೆ ನಡೆಸೋದೂ ಅವರೇ. ಸಮಿತಿಯ ಸಭೆಗೆ ಹೋಗಿದ್ದೆ. ಪಂಪಿನ ಕರೆಂಟ್ ಬಿಲ್ ಗಟ್ಟಿಯಾಗಿ ಓದಿದರು. ಬೇರಿಂಗ್ ನಿಜವಾಗ್ಲೂ ಬದಲಾಯಿಸಿದ್ದಾರಾ ಅಂತ ಅಜ್ಜನೊಬ್ಬ ಜಗಳ ತೆಗೆದ. ಸವೆದ ಹಳೇ ಬೇರಿಂಗ್ ತಂದು ಮೇಜಿನ ಮೇಲಿಟ್ಟರು. ತಿರುಗಿಸಿ ನೋಡಿ ಸುಮ್ಮನಾದ.

ನಮ್ಮೂರಲ್ಲಿ ಇಂಥ ಜಗಳ ನಾನು ನೋಡಿಲ್ಲ. ಊರು ಮಲೆನಾಡಿನದು, ಮಳೆಗೆ ಬರ ಇಲ್ಲ. ಜಲಜೀವನ್ ಮಿಷನ್ ಬಂತು, ನಮ್ಮಲ್ಲಿ ಅದು 'ಮನೆ ಮನೆಗೆ ಗಂಗೆ'. ಅರ್ಧ ದುಡ್ಡು ಕೇಂದ್ರದ್ದು, ಅರ್ಧ ರಾಜ್ಯದ್ದು. ತಲೆಗೆ ದಿನಕ್ಕೆ 55 ಲೀಟರ್ ಗುರಿ. ಊರೊಳಗಿನ ಕಾಮಗಾರಿಗೆ ಜನರೂ ಸಾಮಾನ್ಯವಾಗಿ ಶೇ. 10 ವಂತಿಗೆ ಹಾಕಬೇಕು ಅಂತ ಅದರಲ್ಲೂ ಇದೆ. ಆದರೆ ಅದನ್ನು ಕೇಳಿ ವೋಟು ಕಳ್ಕೊಳ್ಳೋರು ಯಾರು? ಪೈಪು ಬಂತು, ನಲ್ಲಿ ಬಂತು, ಫೋಟೋನೂ ಆಯ್ತು. ನೀರು ಬರುತ್ತಾ ಅಂತ ಫೋನಲ್ಲಿ ಕೇಳಿದರೆ ಚಿಕ್ಕಪ್ಪ, "ನೀರುಗಂಟಿ ಬಿಟ್ರೆ ಬರುತ್ತೆ ಕಣೋ" ಅಂತಾರೆ. ನೀರುಗಂಟಿಗೆ ಸಂಬಳ ಬಾಕಿ, ಪಂಪ್‌ಹೌಸಿನ ಕರೆಂಟ್ ಬಿಲ್ಲೂ ಬಾಕಿ. ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಕಟ್ಟಿದ ಶೌಚಾಲಯದೊಳಗೆ ಸೌದೆ ಒಟ್ಟಿದ್ದಾರೆ. ನೀರಿಲ್ಲದೆ ಇನ್ನೇನು ಮಾಡ್ತಾರೆ?

ಗುದ್ದಲಿಪೂಜೆಗೆ ಸಿಗುವ ದುಡ್ಡು ಗ್ರೀಸ್ ಡಬ್ಬಿಗೆ ಸಿಗಲ್ಲ. ನನ್ನ ಸಿಟ್ಟು ಅಷ್ಟೇ.

ಇಲ್ಲಿನವರನ್ನು ಜಾಸ್ತಿ ಹೊಗಳಿದೆ ಅನಿಸುತ್ತೆ. ಇಲ್ಲೂ ಕೆಲವು ಸಮಿತಿಗಳು ಹೆಸರಿಗಷ್ಟೇ ಉಳಿದಿವೆ. ಮೋಟರ್ ಸುಟ್ಟರೆ ಓಡೋದು ಪಂಚಾಯ್ತಿಗೇ. ಕೇರಳಕ್ಕೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಹಿತ್ತಲಲ್ಲಿ ಬಾವಿ. ನಮ್ಮ ಬಯಲುಸೀಮೆಯ ಪಾವಗಡದಲ್ಲಿ ಅದರ ಕಾಲು ಭಾಗವೂ ಮಳೆಯಿಲ್ಲ. ಬೋರ್‌ವೆಲ್ ಆಳಕ್ಕಿಳಿದಷ್ಟೂ ಕರೆಂಟ್ ಖರ್ಚು ಜಾಸ್ತಿ, ಬಂದ ನೀರಲ್ಲೂ ಫ್ಲೋರೈಡ್. ಆ ಖರ್ಚನ್ನು ಕೂಲಿ ಮಾಡುವವರ ತಲೆಗೆ ಕಟ್ಟೋಕಾಗಲ್ಲ, ಒಪ್ಪುತ್ತೇನೆ. ಅಲ್ಲಿ ಸರ್ಕಾರವೇ ಕೊಡಲಿ, ಇನ್ನೂ ಜಾಸ್ತಿ ಕೊಡಲಿ. ಆದರೆ ಅಡಿಕೆ ತೋಟ ಇಟ್ಟುಕೊಂಡ ನಮ್ಮೂರಿನವರು ತಿಂಗಳಿಗೆ ನೂರು ರೂಪಾಯಿ ಕೊಟ್ಟು, ಲೆಕ್ಕ ಕೇಳೋಕೆ ಏನಡ್ಡಿ?