ಚೌಕಟ್ಟಿನೊಳಗೊಂದು ಕೆಂಪು ಕುರ್ಚಿ

ಮೊನ್ನೆ ಭಾನುವಾರ ಊರಿಗೆ ಹೋಗಿ ತೆಗೆದುಕೊಂಡು ಬಂದ 211 ಫೋಟೊಗಳನ್ನು ನಿನ್ನೆ ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದೆ. 180ರಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇದೆ. ಉಳಿದವುಗಳಲ್ಲೂ ಇದೆ, ಆದರೆ ಚಿಕ್ಕಪ್ಪ ಅಡ್ಡ ನಿಂತಿರುವುದರಿಂದ ಕಾಣುವುದಿಲ್ಲ.

ಫೋಟೊ ಸ್ಪರ್ಧೆಯೊಂದಕ್ಕೆ ‘ಗ್ರಾಮೀಣ ಬದುಕು’ ಅಂತ ವಿಷಯ ಕೊಟ್ಟಿದ್ದಾರೆ. ಕಳಿಸಲು ಕೊನೆಯ ದಿನ ಇದೇ ಶುಕ್ರವಾರ. ನಾಗಮಂಗಲದ ಕಡೆ ಹುಟ್ಟಿದ ನನಗೆ ಇದಕ್ಕಿಂತ ಸಲೀಸು ಇನ್ನೇನಿದೆ ಅಂದುಕೊಂಡಿದ್ದೆ. ಡಿಸೆಂಬರಿನ ರಾಗಿ ಕಣ, ಎದುರು ಬಿಸಿಲು, ಮೊರದಿಂದ ಸುರಿಯುವ ರಾಗಿ, ಹೊಗೆಯಂತೆ ತೇಲುವ ಹೊಟ್ಟು. ಸೂರ್ಯ ಹಿಂದಿರಬೇಕು, ಹಿನ್ನೆಲೆ ಕಪ್ಪಗಿರಬೇಕು, ಷಟರ್ ಐನೂರರಲ್ಲೊಂದು ಸೆಕೆಂಡು. ಧೂಳಿನ ಕಣಕಣವೂ ಚಿನ್ನ. ಬಹುಮಾನದ ದುಡ್ಡಿನಲ್ಲಿ ಯಾವ ಲೆನ್ಸ್ ಕೊಳ್ಳುವುದು ಎಂಬುದೂ ತೀರ್ಮಾನವಾಗಿತ್ತು.

ತೊಂದರೆ ಏನೆಂದರೆ ರೈತರು ಬೆಳಕು ನೋಡಿಕೊಂಡು ಕೆಲಸ ಮಾಡುವುದಿಲ್ಲ. ಬೆಳಗಿನ ಏಳರ ಹೊಂಬಿಸಿಲಿಗೆ ಕಣದಲ್ಲಿ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಹುಲ್ಲಿನ ಮೇಲಿನ ಇಬ್ಬನಿ ಆರಬೇಕಲ್ಲ. ಆರಿ ಕೆಲಸ ಶುರುವಾಗುವ ಹೊತ್ತಿಗೆ ಬಿಸಿಲು ಏರಿ, ಎಲ್ಲರ ಕಣ್ಣುಗುಳಿಗಳಲ್ಲೂ ಮಸಿ ಬಳಿದಂತೆ ನೆರಳು. ಅದೂ ಈಗ ಮೊರ ಹಿಡಿದು ತೂರುವವರೇ ಕಮ್ಮಿ. ಒಂದೋ ಮಿಷನ್ ಬರುತ್ತದೆ, ಇಲ್ಲವೇ ಟಾರ್ ರೋಡಿನ ಮೇಲೆ ಹರಡಿ ಬಸ್ಸು ಲಾರಿಗಳ ಕೈಲಿ ಪುಗಸಟ್ಟೆ ಒಕ್ಕಣೆ ಮಾಡಿಸುತ್ತಾರೆ. ಚಿಕ್ಕಮ್ಮ ಮಾತ್ರ ಮನೆ ಮಟ್ಟಿಗೆ ಒಂದಿಷ್ಟನ್ನು ಸಂಜೆ ಗಾಳಿಗೆ ತೂರಿಕೊಳ್ಳುತ್ತಾಳೆ. ನನ್ನ ಆಸೆಯೆಲ್ಲ ಆ ಐದೂಕಾಲರಿಂದ ಐದೂಮುಕ್ಕಾಲರ ನಡುವಿನ ಅರ್ಧ ಗಂಟೆಯ ಮೇಲಿತ್ತು.

ಅಲ್ಲಿಯವರೆಗೆ ಸುಮ್ಮನಿರಲಾರದೆ ಊರು ಸುತ್ತಿದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಕಣ್ಣಿಗೆ ಬಿತ್ತು. ಆ ಸುಕ್ಕು, ಆ ಬೆರಳು! ಕ್ಯಾಮೆರಾ ಎತ್ತುತ್ತಿದ್ದಂತೆ “ಇರು ಮಗಾ, ಬಂದೆ” ಎಂದು ಒಳಗೆ ಹೋದವರು ಇಪ್ಪತ್ತು ನಿಮಿಷದ ಮೇಲೆ ಮೊಮ್ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು, ಪೌಡರು ಹಚ್ಚಿಕೊಂಡು, ಆಧಾರ್ ಕಾರ್ಡಿಗೆ ನಿಲ್ಲುವ ಹಾಗೆ ಬಂದು ನಿಂತರು. ಅವರೆಕಾಯಿ ಮೊರವನ್ನು ಯಾರೋ ಮರ್ಯಾದೆಯಿಂದ ಒಳಗೆ ಇಟ್ಟಿದ್ದರು.

ಇದೆಲ್ಲ ಸಹಿಸಬಹುದು. ಕುರ್ಚಿಯ ವಿಷಯಕ್ಕೆ ಬರುತ್ತೇನೆ.

ನಾನು ಊರಿನಲ್ಲಿ ಎಲ್ಲಿ ನಿಂತರೂ ಎರಡು ನಿಮಿಷದೊಳಗೆ ಅಲ್ಲಿಗೊಂದು ಕುರ್ಚಿ ಬರಬೇಕು, ಇದು ಚಿಕ್ಕಪ್ಪನ ನೇಮ. ಅವರು ಮುಂದೆ, ಕುರ್ಚಿಯನ್ನು ತಲೆಯ ಮೇಲೆ ಬೋರಲು ಹೊತ್ತ ಮೊಮ್ಮಗ ಹಿಂದೆ, ಉತ್ಸವಮೂರ್ತಿಯ ಥರ. ಕೆರೆ ಏರಿಗೆ ಹೋದೆ, ಕುರ್ಚಿ ಬಂತು. ಕುರಿ ಮಂದೆಯ ಹಿಂದೆ ಓಡಿದೆ, ಮಂದೆ ಮುಂದಕ್ಕೆ ಹೋಯಿತು, ಧೂಳು ಇಳಿದಾಗ ನಡುವೆ ಕುರ್ಚಿ ಕೂತಿತ್ತು. “ಚಿಕ್ಕಪ್ಪಾ, ಬೇಡ, ಫೋಟೊದಲ್ಲಿ ಬರುತ್ತೆ” ಅಂದರೆ “ಬರ್ಲಿ ಬುಡು, ಹೊಸದೇ ಅದು” ಅನ್ನುತ್ತಾರೆ.

ಚೌಕಟ್ಟನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಭಾಗ ಮಾಡಿ, ಗೆರೆಗಳು ಕೂಡುವ ಕಡೆ ಮುಖ್ಯವಾದದ್ದನ್ನು ಇಡಬೇಕು ಅಂತ ಫೋಟೊಗ್ರಫಿ ಕ್ಲಾಸಿನಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ಈ ‘ಮೂರನೇ ಒಂದು’ ಸೂತ್ರಕ್ಕೆ ಹೆಸರಿಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ, 1797ರಲ್ಲಿ. ಅದೂ ಹಳ್ಳಿಯ ದೃಶ್ಯಗಳ ಬಗ್ಗೆಯೇ ಬರೆದ ಪುಸ್ತಕದಲ್ಲಿ! ಪುಣ್ಯಾತ್ಮನಿಗೆ ಚಿಕ್ಕಪ್ಪ ಇರಲಿಲ್ಲ. ನಮ್ಮ ಚಿಕ್ಕಪ್ಪ ಸ್ಮಿತ್‌ನನ್ನು ಓದಿದವರಲ್ಲ, ಆದರೂ ಕುರ್ಚಿ ಇಟ್ಟಿದ್ದೆಲ್ಲ ಕರಾರುವಾಕ್ಕಾಗಿ ಆ ಗೆರೆಗಳು ಕೂಡುವ ಜಾಗದಲ್ಲೇ. ಸಿಟ್ಟಿಗೆ ನಿನ್ನೆ ರಾತ್ರಿ ಕುರ್ಚಿಯ ಜಾತಕವನ್ನೂ ಹುಡುಕಿದೆ. ಇಂಥ ಒಂದೇ ಅಚ್ಚಿನ ಪ್ಲಾಸ್ಟಿಕ್ ಕುರ್ಚಿಗೆ ಲೋಕದಲ್ಲಿ ದಾರಿ ಮಾಡಿಕೊಟ್ಟವನು ಆನ್ರಿ ಮಸೊನೆ ಎಂಬ ಫ್ರೆಂಚಿನವನಂತೆ, 1972ರಲ್ಲಿ. ಒಂದು ಕುರ್ಚಿ ಅಚ್ಚಿನಿಂದ ಬೀಳಲು ಎರಡು ನಿಮಿಷವೂ ಬೇಡವಂತೆ. ಚಿಕ್ಕಪ್ಪನ ಲೆಕ್ಕಕ್ಕೆ ಸರಿಹೋಯಿತು.

ಐದೂವರೆ ಆಯಿತು. ಕಣ. ಗಾಳಿ ಎದ್ದಿತು. ಚಿಕ್ಕಮ್ಮ ಮೊರ ಎತ್ತಿದಳು, ಸೆರಗು ಹಾರಿತು, ಹೊಟ್ಟು ಬಂಗಾರವಾಯಿತು. ಕರೆಂಟು ಕಂಬ ಬಣವೆಯ ಹಿಂದೆ ಮರೆಯಾಗುವ ಹಾಗೆ ನಾನು ಮೊಣಕಾಲು ಮಡಿಸಿ ಅರ್ಧ ಬಗ್ಗಿ, ಉಸಿರು ಹಿಡಿದು, ಬೆರಳು ಒತ್ತಬೇಕು...

“ಎಷ್ಟೊತ್ತು ಅಂತ ಹಂಗೆ ಬಗ್ಗಿರ್ತೀಯ, ಕುಂತ್ಕಂಡು ತೆಗಿ ಮಗಾ.”

ಮಂಡಿಯ ಹಿಂಭಾಗಕ್ಕೆ ಕುರ್ಚಿ ತಾಗಿತು. ಕೂರಲಿಲ್ಲ, ಕೂರಿಸಲ್ಪಟ್ಟೆ. ಹಿಂದಿನ ಎರಡು ಕಾಲು ರಾಗಿ ಹುಲ್ಲಿನಲ್ಲಿ ಹೂತುಹೋದವು. ನಾನು, ಕ್ಯಾಮೆರಾ, ಕುರ್ಚಿ, ಮೂವರೂ ಒಟ್ಟಿಗೆ ಆಕಾಶ ನೋಡಿದೆವು. ಬೆರಳು ಆಗ ಒತ್ತಿತು. ಮೊರ ಕೆಳಗಿಟ್ಟು ಚಿಕ್ಕಮ್ಮ ನಕ್ಕಳು, ಕಣದಲ್ಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು, ರೇಷ್ಮೆ ಸೀರೆಯ ಅಜ್ಜಿಯೂ ಬೊಚ್ಚು ಬಾಯಿ ಬಿಟ್ಟು ನಕ್ಕರು. ಬೆಳಗಿನಿಂದ ನಾನು ಹುಡುಕುತ್ತಿದ್ದ ಮುಖಗಳು ಇವೇ. ಯಾರೂ ಪೋಸು ಕೊಡುತ್ತಿರಲಿಲ್ಲ. ನನ್ನ ಕ್ಯಾಮೆರಾದಲ್ಲಿ ಮಾತ್ರ ಎರಡು ಕರೆಂಟು ತಂತಿ, ಒಂದು ಕಾಗೆ.

ಚಿಕ್ಕಪ್ಪ ಈ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಅವರದೇನಿದ್ದರೂ ಜಗಲಿ ಅಂಚು, ಇಲ್ಲ ಮಡಿಸಿದ ಗೋಣಿಚೀಲ. ಇದೇ ಕಣದಲ್ಲಿ ಮೆದೆಯ ಮೇಲಿಂದ ಜಾರಿ ಅವರ ಕೈಲಿ ಬಾರುಕೋಲಿನ ಏಟು ತಿಂದವನು ನಾನು; ಆಗ ಯಾರೂ ಕೂತ್ಕೊ ಅನ್ನುತ್ತಿರಲಿಲ್ಲ, ಇಳಿಯೋ ಅನ್ನುತ್ತಿದ್ದರು. ಬೆಂಗಳೂರಿಗೆ ಹೋದ ಮೇಲೆ ಮೊದಲು ಚಾಪೆ ಹಾಸಿದರು. ಕುರ್ಚಿ ಯಾವ ವರ್ಷ ಬಂತೋ, ಗಮನಿಸಲಿಲ್ಲ.

ಸೊಂಟಕ್ಕೆ ನೋವಿನೆಣ್ಣೆ ಹಚ್ಚಿಕೊಳ್ಳುತ್ತಾ ಇದನ್ನೆಲ್ಲ, ಕೊನೆಯ ಭಾಗ ಬಿಟ್ಟು, ಇವತ್ತು ಬೆಳಗ್ಗೆ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದೆ. ಆ ಪ್ಲಾಸ್ಟಿಕ್ ಕುರ್ಚಿಯಿಂದ ಫೋಟೊ ಎಲ್ಲ ಕೆಟ್ಟುಹೋಯ್ತು ಅಂತಲೂ ಅಂದೆ. ಅರ್ಧ ಗಂಟೆಯಲ್ಲಿ ಚಿಕ್ಕಪ್ಪನ ಫೋನು.

“ಪ್ಲಾಸ್ಟಿಕ್ಕು ಚೆನ್ನಾಗಿ ಕಾಣಕಿಲ್ಲ ಅಂದ್ಯಂತೆ? ಮೊದಲೇ ಹೇಳಬಾರದಾ! ಶಾಮಿಯಾನದವನತ್ರ ಮದುವೆ ಗಂಡು-ಹೆಣ್ಣು ಕೂರೋ ಸಿಂಹಾಸನ ಅವೆ. ಸಂಕ್ರಾಂತಿಗೆ ಬತ್ತೀಯಲ್ಲ, ಒಂದು ಹೇಳಿ ಮಡಗಿವ್ನಿ.”